ಶನಿವಾರದ ಉಪವಾಸ ಯಾರ ಪಾಲಿಗೆ?

ಕಾಯಿಲೆಗೆ ಕಾರಣ ತಿಳಿಯದಿದ್ದರೆ ಯಾರಾದರೊಬ್ಬರು ಉಪವಾಸ ಮಾಡಬೇಕು ಎಂಬುದು ನಮ್ಮ ಮನೆಯ ವೈದ್ಯಶಾಸ್ತ್ರ. ಅಪ್ಪನ ಸೊಂಟನೋವಿಗೆ ಅಮ್ಮ ಸೋಮವಾರದ ಊಟ ಬಿಟ್ಟಳು, ನನ್ನ ಪಿಯುಸಿ ಗಣಿತಕ್ಕೆ ಗುರುವಾರದ್ದು. ಗಣಿತ ಕಾಯಿಲೆಯಲ್ಲ ಎನ್ನುವವರು ನನ್ನ ಅಂಕಪಟ್ಟಿ ನೋಡಿಲ್ಲ. ಎಲ್ಲವೂ ತಾರೀಖಿನ ಸಮೇತ ನನ್ನ ಡೈರಿಯಲ್ಲಿದೆ.

ತಂಗಿ ಶೋಭ ಬಸ್ಸಿನ ಮೆಟ್ಟಿಲು ಹತ್ತಿದರೂ ಸುಸ್ತಾಗಿ ಕೂರತೊಡಗಿದಾಗ ಅಮ್ಮ ಇಷ್ಟು ಶನಿವಾರದ ಉಪವಾಸವೆಂದು ಹರಕೆ ಹೊತ್ತು, ಅದನ್ನು ಅವಳಿಗೇ ವಹಿಸಿದಳು. ಶನಿವಾರ ಉಪವಾಸವಿದ್ದ ಹುಡುಗಿ ಭಾನುವಾರ ಅರ್ಧ ಬಕೆಟ್ ನೀರನ್ನೂ ಎತ್ತಲಾರಳು. "ವ್ರತ ಸಾಲ್ದು ಕಣೇ" ಎಂದು ಅಮ್ಮ ಮುಂದಿನ ಶನಿವಾರ ಸಂಜೆಯ ಬಾಳೆಹಣ್ಣನ್ನೂ ನಿಲ್ಲಿಸಿದಳು. ಮರುದಿನ ಶೋಭ ಬಚ್ಚಲ ಬಾಗಿಲಲ್ಲೇ ಕುಸಿದಳು.

ತುಮಕೂರಿನ ಡಾಕ್ಟರು ಬೆಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸಿದರು. ವರದಿ ಬಂದ ಮೇಲೆ ನಮ್ಮನ್ನು ಕೂರಿಸಿಕೊಂಡು ಹೇಳಿದರು: ಮೈಯ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಿವೆ, ತಿಂದ ಅನ್ನವನ್ನು ಶಕ್ತಿಯಾಗಿಸುವುದು ಅವೇ. ಇವಳ ಒಲೆಗಳು ಮಂದ. ಪೂರ್ತಿ ವಾಸಿ ಮಾಡುವ ಮದ್ದಿಲ್ಲ, ಆದರೆ ಹೊತ್ತುಹೊತ್ತಿಗೆ ತಿಂದು, ಅತಿಯಾಗಿ ದಣಿಯದಿದ್ದರೆ ಎಷ್ಟೋ ಹಗುರ. "ಉಪವಾಸ ಮಾತ್ರ ಬೇಡಮ್ಮ. ಇದು ತಾಯಿ ಕಡೆಯಿಂದ ಬರೋದು, ಮಕ್ಕಳಲ್ಲಿ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಇಲ್ಲದೇನೂ ಇರಬಹುದು. ಪರೀಕ್ಷೆ ಆಗೋವರೆಗೂ ನೀವೂ, ಮಗನೂ ಊಟ ಬಿಡಬೇಡಿ."

ಬಸ್ಸು ಗುಬ್ಬಿ ದಾಟಿದ ಮೇಲೆ ಅಮ್ಮ, "ಕಾಯ್ಲೆ ಕೊಟ್ಟೋಳೂ ನಾನೇ, ಉಪಾಸ ಕೆಡವ್ದೋಳೂ ನಾನೇ" ಎಂದಳು.

"ಈ ಮೊಂಡು ಮೂಗೂ ನೀನೇ ಕೊಟ್ಟಿದ್ದು. ಅದುಕ್ಕೆ ಒಂದಿನಾನಾದ್ರೂ ಅತ್ತಿದ್ದೀಯಾ?" ಎಂದು ಶೋಭ ಅವಳ ಹೆಗಲಿಗೆ ಒರಗಿದಳು. ಅಮ್ಮ ಸೆರಗಿನಿಂದ ಮೊದಲು ಮಗಳ ಮೂಗು ಒರೆಸಿದಳು, ಆಮೇಲೆ ತನ್ನ ಕಣ್ಣು.

ನಿಟ್ಟೂರಿನ ಮನೆ ಸೇರಿದ ಮೇಲೆ ಹೊಸ ಚಿಂತೆ: ಹರಕೆ ಅರ್ಧಕ್ಕೇ ನಿಂತಿದೆ, ಉಳಿದ ಶನಿವಾರಗಳು ಯಾರಿಗೆ? ಅಮ್ಮನಿಗೆ ಕೂಡದು. ನನಗೂ ಕೂಡದು ಎಂಬುದನ್ನು ನಾನು ವಿಜ್ಞಾನದ ಮೇಷ್ಟರಂತೆ ವಿಸ್ತಾರವಾಗಿ ವಿವರಿಸಿದೆ. ಅಪ್ಪ ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಬುಡು, ನಾನ್ ಮಾಡ್ತೀನಿ. ನಿಮ್ಮಮ್ಮನಿಂದ ನಂಗೆ ಬಂದಿರೋದು ಬೈಗುಳ ಒಂದೇ."

ಈಗ ಶೋಭ ಹೊತ್ತಿಗೆ ಸರಿಯಾಗಿ ತಿನ್ನುತ್ತಾಳೆ, ಭಾನುವಾರ ಹೂಗಿಡಗಳಿಗೆ ನೀರು ಹೊರುತ್ತಾಳೆ. ಸುಸ್ತಾದರೆ ಕೂರುತ್ತಾಳೆ, ಯಾರೂ ಏಕೆಂದು ಕೇಳುವುದಿಲ್ಲ. ಹೋದ ವಾರ ಎಸ್‌ಟಿಡಿ ಬೂತಿನಿಂದ ಡಾಕ್ಟರಿಗೆ ಫೋನು ಮಾಡಿದೆ. ಪರೀಕ್ಷೆಗೆ ಕೊಟ್ಟಿದ್ದ ನನ್ನ ರಕ್ತದ ವರದಿಯಲ್ಲಿ ಯಾವ ದೋಷವೂ ಇಲ್ಲವಂತೆ. ಓಡಿಬಂದು ಸಂತೋಷದಿಂದ ಹೇಳಿದೆ.

"ಒಳ್ಳೇದಾಯ್ತು ಕಣ್ಲಾ" ಎಂದು ಅಪ್ಪ ಬೆನ್ನು ತಟ್ಟಿದ. "ಬರೋ ಶನಿವಾರದಿಂದ ನೀನೇ."

ಇಂದು ಶನಿವಾರ. ಅಡುಗೆಮನೆಯಲ್ಲಿ ಬಸ್ಸಾರಿಗೆ ಒಗ್ಗರಣೆ ಬಿದ್ದಿದೆ. ಈ ಬರಹ ಕೊನೆಕೊನೆಗೆ ಸೊರಗಿದಂತೆ ಕಂಡರೆ ಓದುಗರು ಕ್ಷಮಿಸಬೇಕು. ನನ್ನ ಒಲೆಗಳು ಚೆನ್ನಾಗಿವೆ ಎಂದು ಡಾಕ್ಟರೇ ಹೇಳಿದ್ದಾರೆ.