ನಮ್ಮ ಟಿವಿಯ ಆಯುರಾರೋಗ್ಯ

ಕೆಲವರು ವಸ್ತುಗಳನ್ನು ಬಳಸಲು ಕೊಳ್ಳುತ್ತಾರೆ, ಕೆಲವರು ಉಳಿಸಲು ಕೊಳ್ಳುತ್ತಾರೆ. ನಾನು ಎರಡನೆಯ ಪೈಕಿ. ನನ್ನ ಕೈಗಡಿಯಾರದ ಗಾಜಿಗೆ ಅಂಗಡಿಯವನು ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ವರ್ಷಗಟ್ಟಲೆ ಕೀಳಲೇ ಇಲ್ಲ. ಅದು ಮಬ್ಬಾದ ಮೇಲೆ ಗಂಟೆ ಎಷ್ಟಾಯಿತೆಂದು ಪಕ್ಕದವರನ್ನು ಕೇಳುತ್ತಿದ್ದೆ. ಇಂಥವನ ಮನೆಗೆ ಬಣ್ಣದ ಟಿವಿ ಬಂದರೆ ಏನಾಗಬೇಕೋ ಅದೇ ಆಯಿತು.

ಅದು ಸಿಂದಗಿಯ ನಮ್ಮ ಮನೆಯಲ್ಲಿ ಟಿವಿಯ ಮೊದಲ ಬೇಸಿಗೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಮುದ್ದೇಬಿಹಾಳದ ತವರಿಗೆ ಹೋಗಿದ್ದಳು. ಹೈಸ್ಕೂಲಿನ ವಿಜ್ಞಾನದ ಮಾಸ್ತರನಾದ ನನಗೂ ರಜೆ. ಮನೆಯಲ್ಲಿ ನಾನು, ಅವ್ವ ಮತ್ತು ಟಿವಿ. ಒಂದು ದಿನ ಅದರ ಬೆನ್ನು ಮುಟ್ಟಿ ನೋಡಿದರೆ ರೊಟ್ಟಿಯ ಹಂಚು! ಓಡಿಹೋಗಿ ರಿಪೇರಿಯವನನ್ನು ಕರೆತಂದೆ. ಅವನು ನಕ್ಕು ಹೇಳಿದ: “ಸರ್ರ, ಟಿವಿಗೆ ಕಾವ ವೈರಿ ನೋಡ್ರಿ. ಗ್ವಾಡಿಗೆ ಹಚ್ಚಿ ಇಡಬ್ಯಾಡ್ರಿ, ಮ್ಯಾಲ ಅರಬಿ ಹೊಚ್ಚಬ್ಯಾಡ್ರಿ. ಬ್ರೈಟ್‌ನೆಸ್ಸು, ಕಾಂಟ್ರಾಸ್ಟು ಒಂದೀಟು ಇಳಿಸಿದ್ರ ಪಿಕ್ಚರ್ ಟ್ಯೂಬು ಬಾಳ ದಿನಾ ಬರತೈತಿ.”

‘ಒಂದೀಟು’ ಎಂಬ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಟಿವಿಯನ್ನು ಗೋಡೆಯಿಂದ ಎಷ್ಟು ಮುಂದಕ್ಕೆ ಎಳೆದೆನೆಂದರೆ ಅದು ಪಡಸಾಲೆಯ ನಡುವೆ ಬಂದು ನಿಂತಿತು. ಮನೆಗಿದ್ದ ಒಂದೇ ಟೇಬಲ್ ಫ್ಯಾನನ್ನು ಅದರ ಬೆನ್ನಿಗೆ ತಿರುಗಿಸಿದೆ. ಅವ್ವ ಮತ್ತು ನಾನು ಹಳೆಯ ರಟ್ಟಿನಿಂದ ಗಾಳಿ ಬೀಸಿಕೊಂಡೆವು.

ಅವ್ವ ಇದಕ್ಕೆಲ್ಲ ಬೇಸರಪಡಲಿಲ್ಲ. ಮಸೂತಿ ಎಂಬ ಹಳ್ಳಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದವಳು. “ಸೋಮಾರ ಎತ್ತಿನ ಹೆಗಲಿಗೆ ನೊಗಾ ಇಡೂದಿಲ್ಲ. ಇದೂ ದುಡಿಯೂ ಜೀವ ಅಲ್ಲೇನೋ ತಮ್ಮಾ? ಸೋಮಾರ ಹಚ್ಚಬ್ಯಾಡ,” ಎಂದಳು. ವಿಜ್ಞಾನದ ದೃಷ್ಟಿಯಿಂದ ನನಗೂ ಇದು ಸರಿಯೆನಿಸಿತು. ಪ್ರತಿ ಸೋಮವಾರ ಟಿವಿಯ ನೆತ್ತಿಗೆ ವಿಭೂತಿ ಹಚ್ಚಿ ಅವ್ವ ಧಾರಾವಾಹಿಯ ಆಸೆ ಬಿಡುತ್ತಿದ್ದಳು. ಓಣಿಯವರು ನಕ್ಕರು, ನಕ್ಕವರ ಟಿವಿಗಳು ಬೇಗ ಸಾಯುತ್ತವೆ ಎಂದು ನಾನು ಸಮಾಧಾನ ಮಾಡಿಕೊಂಡೆ.

ಉಳಿದ ದಿನಗಳಲ್ಲಿ ನಾನು ರಿಮೋಟ್ ಹಿಡಿದು ದಿನಕ್ಕೊಂದು ಗೆರೆಯಂತೆ ಟಿವಿಯ ಬೆಳಕು ಇಳಿಸುತ್ತಾ ಬಂದೆ. ಒಮ್ಮೆಲೇ ಇಳಿಸಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಗೆರೆ ಇಳಿಸಿದ ಮೇಲೆ ನಾನಂತೂ ಪರದೆ ನೋಡುತ್ತಿರಲಿಲ್ಲ. ಅವ್ವ ಟಿವಿಯ ಮುಂದೆ ಕೂತರೆ ನಾನು ಹಿಂದೆ ಕೂತು ಅದರ ಬೆನ್ನು ಮುಟ್ಟುತ್ತಿದ್ದೆ. ಬೆನ್ನು ತಣ್ಣಗಾಗುತ್ತಿತ್ತು, ನನ್ನ ಹೊಟ್ಟೆಯೂ ತಣ್ಣಗಾಗುತ್ತಿತ್ತು.

ಒಂದು ಮುಂಜಾನೆ ನೋಡುತ್ತೇನೆ, ಅವ್ವ ಕಣ್ಣು ಮುಚ್ಚಿಕೊಂಡು, ಗೋಡೆ ಹಿಡಿದು, ಅಡಿಗೆಮನೆಯಿಂದ ಬಚ್ಚಲಿಗೆ ಹೆಜ್ಜೆ ಎಣಿಸುತ್ತಾ ಹೊರಟಿದ್ದಾಳೆ.

“ಯವ್ವಾ, ಏನ್ ಮಾಡಾಕತ್ತಿ?”

“ರೂಢಿ ಮಾಡ್ಕೊಳ್ಳಾಕತ್ತೇನೋ. ನನ್ನ ಕಣ್ಣು ಹೊಂಟಾವು. ದಿನಾ ದಿನಾ ಕತ್ತಲಾಗಾಕತ್ತೈತಿ. ನಿನಗ ಯಾಕ ಚಿಂತಿ ಅಂತ ಹೇಳಿರಲಿಲ್ಲ.”

ಟಿವಿ, ಫ್ಯಾನು ಎಲ್ಲ ಮರೆತೆ. ಮೊದಲ ಬಸ್ಸಿಗೆ ವಿಜಾಪುರದ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಅವ್ವ ನನ್ನ ಕೈ ಬಿಡಲಿಲ್ಲ. “ಮಮ್ಮಕ್ಕಳು ಬರೂತನಕರ ಇರಲಿ ದೇವ್ರೇ, ಅವರ ಮಾರಿ ಒಮ್ಮೆ ನೋಡ್ತೇನಿ,” ಎಂದು ತನ್ನಷ್ಟಕ್ಕೇ ಅನ್ನುತ್ತಿದ್ದಳು. ನನಗೆ ಅಳು ಬಂತು, ಕಿಟಕಿಯ ಕಡೆ ಮುಖ ತಿರುಗಿಸಿದೆ.

ಡಾಕ್ಟರು ದೀಪ ಬಿಟ್ಟು ನೋಡಿದರು, ಸೂಜಿಗೆ ದಾರ ಪೋಣಿಸಲು ಹೇಳಿದರು. ಅವ್ವ ಒಂದೇ ಸಲಕ್ಕೆ ಪೋಣಿಸಿದಳು.

“ಅಮ್ಮಾರ, ಕಣ್ಣು ಛಲೋ ಅದಾವಲ್ರಿ. ಏನ್ ಕಾಣವಲ್ದು ನಿಮಗ?”

“ಬಯಲಾಗ ಎಲ್ಲಾ ಕಾಣತೈತ್ರಿ. ಜ್ವಾಳದಾಗಿನ ಹಳ್ಳೂ ಕಾಣತಾವು. ಟಿವ್ಯಾಗಿನ ಮಂದಿ ಮಾರಿ ಅಷ್ಟ ಕಾಣವಲ್ದು ನೋಡ್ರಿ.”

ಡಾಕ್ಟರು ಏನೂ ತಿಳಿಯದೆ ನನ್ನ ಕಡೆ ನೋಡಿದರು. ನಾನು ಎಲ್ಲ ತಿಳಿದು ನೆಲ ನೋಡಿದೆ. ಧೂಳಿಗೆಂದು ಅವರು ಒಂದು ಸಣ್ಣ ಹನಿ ಬಾಟಲಿ ಕೊಟ್ಟು ಕಳಿಸಿದರು.

ಮನೆ ಮುಟ್ಟಿ ಅವ್ವ ಕಾಲು ತೊಳೆಯುವಷ್ಟರಲ್ಲಿ ನಾನು ರಿಮೋಟ್ ಹಿಡಿದು, ಇಳಿಸಿದ ಗೆರೆಗಳನ್ನೆಲ್ಲ ಏರಿಸಿ, ಟಿವಿ ಆರಿಸಿಬಿಟ್ಟೆ. ಆಮೇಲೆ ಅವಳ ಕಣ್ಣಿಗೆ ಎರಡೆರಡು ಹನಿ ಬಿಟ್ಟು ಟಿವಿ ಹಚ್ಚಿದೆ.

“ಯಪ್ಪಾ, ಬಂದ್ವು ನೋಡೋ ಕಣ್ಣು!” ಎಂದು ಕೂಗಿದಳು. ಮರುಕ್ಷಣವೇ ಗಲ್ಲಕ್ಕೆ ಕೈ ಹಚ್ಚಿ, “ಅಯ್ಯ ಶಿವನ! ಧಾರಾವಾಹ್ಯಾಗ ಸೊಸಿ ಅಂತ ತಿಳದು ಇಷ್ಟ ದಿನಾ ಅತ್ತೀ ಸಲುವಾಗಿ ಮರಗೇನಲ್ಲೋ!” ಎಂದಳು. ಅಳುತ್ತಾ ನಗುತ್ತಿದ್ದಳು. ನಿಜ ಹೇಳಬೇಕೆಂದು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿಕೊಂಡೆ.

ಮರುದಿನ ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಸೇರಿದ್ದರು. ಪಕ್ಕದ ಮನೆಯ ಕಾಶಿಬಾಯಿ ನನ್ನ ಕಡೆ ಕೈ ಮಾಡಿ ತನ್ನ ಮಗನಿಗೆ ಹೇಳುತ್ತಿದ್ದಳು: “ನೋಡು, ಮಗಾ ಅಂದ್ರ ಹಿಂಗಿರಬೇಕು. ಇಂಥಾ ಬಿಸಲಾಗ ಹೋಗಿ ಹಡದವ್ವನ ಕಣ್ಣು ತಂದ ಕೊಟ್ಟಾನ!”

ನಾನು ತಲೆ ತಗ್ಗಿಸಿದೆ. “ಎಷ್ಟು ಹೊಗಳಿದ್ರೂ ತಲಿ ಎತ್ತವಲ್ಲ,” ಎಂದು ಅದಕ್ಕೂ ಹೊಗಳಿದರು.