ಅತ್ತರಿನ ಸಾಹೇಬರ ನಾಣ್ಯ, ನನ್ನ ಹೊಟ್ಟೆಯುರಿ

ಪಕ್ಕದ ಅಂಗಡಿಗೆ ಲಾಭ ಬಂದಾಗಲೆಲ್ಲ ನನ್ನ ಅಂಗಡಿಯಲ್ಲಿ ಏನಾದರೊಂದು ಫಜೀತಿ ಆಗಿಯೇ ಆಗುತ್ತಿತ್ತು. ನಿಜಾಮರ ಕಾಲದ ಮಾತು. ಹುಮನಾಬಾದ ಬಜಾರಿನಲ್ಲಿ ನನ್ನದು ತಾಮ್ರ-ಹಿತ್ತಾಳೆಯ ಪಾತ್ರೆ ಮಾರುವ ಭಾಂಡೆ ಅಂಗಡಿ. ಅದಕ್ಕೆ ಅಂಟಿಕೊಂಡೇ ಅತ್ತರ್ ಮಾರುವ ಸಾಹೇಬರ ಅಂಗಡಿ. ಅವರದು ನನ್ನದರ ಅರ್ಧದಷ್ಟೂ ಇರಲಿಲ್ಲ. ಹಾಗಿದ್ದಷ್ಟು ದಿನ ನಮ್ಮಿಬ್ಬರಿಗೂ ಬಹಳ ದೋಸ್ತಿ.

ತೂಕದ ಮಾಲು

ದುಬಲಗುಂಡಿ, ಮುಡಬಿ ಕಡೆಯ ರೈತರು ಒಡೆದ ಭಾಂಡೆ ತಂದು ಹಾಕಿ ಹೊಸದು ಒಯ್ಯುತ್ತಿದ್ದರು. ಅವುಗಳ ಸಂಗಡ ಮನೆಯಲ್ಲಿ ಬಿದ್ದ ಹಳೇ ತಾಮ್ರದ ದುಡ್ಡುಗಳೂ ಬರುತ್ತಿದ್ದವು. ಬಜಾರಿನಲ್ಲಿ ನಡೆಯದ ದುಡ್ಡು. ಕರಗಿಸಲಿಕ್ಕೆಂದು ಒಂದು ಬುಟ್ಟಿಗೆ ಎಸೆಯುತ್ತಿದ್ದೆ.

ಒಂದು ದಿನ ಸಾಹೇಬರು ಆ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸತೊಡಗಿದರು.

"ಸಾವ್ಕಾರ್ರ, ಇವು ಹ್ಯಾಂಗ ಕೊಡ್ತೀರಿ?"

"ತೂಕದ ಮ್ಯಾಲ. ಯಾಕ್ರಿ, ಅತ್ತರ್ ಕುದಸಾಕ ಹಂಡೆ ಮಾಡಸ್ತೀರೇನು?"

"ಇಲ್ರಿ, ಸುಮ್ನ ಶೌಕ್."

ಹಳೇ ದುಡ್ಡು ಕೂಡಿಹಾಕುವ ಶೌಕಂತೆ! ನನಗೆ ನಗು ತಡೆಯಲಾಗಲಿಲ್ಲ. ತೂಕ ಹಾಕಿದ ಮೇಲೆ ಕನಿಕರದಿಂದ ಇನ್ನೊಂದು ಮುಷ್ಟಿ ಮೇಲೆ ಹಾಕಿ ಕೊಟ್ಟೆ.

ಮುಂದಿನ ತಿಂಗಳು ಸಾಹೇಬರು ಹೈದರಾಬಾದಿನಿಂದ ಬಂದಿಳಿದರು. ಮೋಟಾರು ಬಸ್ಸಿನ ಮೇಲೆ ಹೊಸಾ ಸೈಕಲ್ ಕಟ್ಟಿತ್ತು. ಅಲ್ಲಿ ಯಾರೋ ಶ್ರೀಮಂತರು ಹಳೇ ನಾಣ್ಯ ಕೂಡಿಹಾಕುತ್ತಾರಂತೆ. ನಾನು ತೂಗಿ ಕೊಟ್ಟ ಮಾಲನ್ನು ಅವರು ಒಂದೊಂದಾಗಿ ಭೂತಗನ್ನಡಿಯಲ್ಲಿ ನೋಡಿ, ಕಣ್ಣಿಗೊತ್ತಿಕೊಂಡು, ಕೇಳಿದಷ್ಟು ಕೊಟ್ಟರಂತೆ.

"ಎಲ್ಲಾ ನಿಮ್ಮ ದುವಾ ಸಾವ್ಕಾರ್ರ," ಎಂದು ಸಾಹೇಬರು ನನ್ನ ಕೈ ಹಿಡಿದು ಅಲ್ಲಾಡಿಸಿದರು.

ಆಮೇಲೆ ದಿನಾ ಬೆಳಗ್ಗೆ ನನ್ನ ಅಂಗಡಿ ಮುಂದೆಯೇ ಟ್ರಿಣ್ ಟ್ರಿಣ್. ನನ್ನ ಹೊಟ್ಟೆಯಲ್ಲಿ ಬೆಂಕಿ. ಮನೆಯಲ್ಲಿ ಹೇಳಿಕೊಂಡರೆ ಹೆಂಡತಿ ರೊಟ್ಟಿ ಬಡಿಯುವುದು ನಿಲ್ಲಿಸಿ ಅಂದಳು: "ಅಂವ ನಿಮ್ಮ ತಾಮ್ರದ ಮ್ಯಾಲ ಕುಂತು ಹೊಂಟಾನ. ನೀವು ಬಾಜೂಕ ನಡ್ಕೋತ ಹೋಗ್ರಿ, ಬಿದ್ದರ ಎತ್ತಾಕ ಬೇಕಾಗ್ತೀರಿ."

ಹುಣಸೆಹಣ್ಣಿನ ಹೊಳಪು

ಅವರಿಗೆ ಬರುವ ಲಾಭ ನನಗೇಕೆ ಬರಬಾರದು? ಬುಟ್ಟಿಯನ್ನು ಒಳಗೆ ಬಚ್ಚಿಟ್ಟೆ. ಒಳ್ಳೊಳ್ಳೆಯ ನಾಣ್ಯ ಕೂಡಿಸಿದೆ. ಆದರೆ ಎಲ್ಲ ಕಪ್ಪು ಹಿಡಿದು, ಹಸಿರು ಕಟ್ಟಿ ಕೂತಿದ್ದವು. ಭಾಂಡೆ ಅಂಗಡಿಯವನ ಮರ್ಯಾದೆ ಪ್ರಶ್ನೆ. ಹುಣಸೆಹಣ್ಣು, ಬೂದಿ, ತೆಂಗಿನ ನಾರು ತೆಗೆದುಕೊಂಡು ಕೂತು, ಮದುವೆ ಮನೆಯ ತಂಬಿಗೆ ಹೊಳೆದಂತೆ ಹೊಳೆಯುವವರೆಗೆ ತಿಕ್ಕಿದೆ. ಸಾಹೇಬರ ಮಾಲು ಇದರ ಮುಂದೆ ಏನು ಅಂತ ಬೀಗುತ್ತ, ಅವರಿಗೆ ತಿಳಿಯದಂತೆ ಹೈದರಾಬಾದಿಗೆ ಹೋದೆ.

ಆ ಶ್ರೀಮಂತರು ಒಂದು ನಾಣ್ಯ ಎತ್ತಿಕೊಂಡರು. ತಿರುಗಿಸಿದರು. ಮತ್ತೆ ತಿರುಗಿಸಿದರು.

"ಇದರ ಮ್ಯಾಲಿನ ಅಕ್ಷರ ಎಲ್ಲಿ?"

"ಹೊಲಸಿತ್ರಿ ಹುಜೂರ್. ತಿಕ್ಕಿ ತೆಗದೀನಿ."

ಅವರು ನಾಣ್ಯವನ್ನು ಮೆಲ್ಲಗೆ ನನ್ನ ಕೈಗೇ ಹಾಕಿದರು. ನಿಟ್ಟುಸಿರು ಬಿಟ್ಟು, "ಈ ನಾಣ್ಯದ ಸುಲ್ತಾನರನ್ನ ಯುದ್ಧದಾಗ ಸೋಲಿಸಿದವರು ಭಾಳ ಮಂದಿ ಅದಾರ. ಹೆಸರು ಸಹಿತ ಉಳೀದಂಗ ಮಾಡಿದವ್ರು ನೀವೊಬ್ಬರೇ ನೋಡ್ರಿ" ಎಂದರು.

ಕೆರೆ ದಂಡೆಯ ಗುಟ್ಟು

ಎರಡನೇ ಮಹಾಯುದ್ಧದ ಲಡಾಯಿ ಶುರುವಾಯಿತು. ಬೆಳ್ಳಿ ರೂಪಾಯಿಗಳು ಬಜಾರಿನಿಂದ ಮಾಯವಾಗಿ ಕಾಗದದ ರೂಪಾಯಿ ಬಂದವು. ಎಲ್ಲರಿಗೂ ಹಳೇ ನಾಣ್ಯದ ಹುಚ್ಚು ಹತ್ತಿತು. ಅಷ್ಟರಲ್ಲಿ ಸಾಹೇಬರು ತಮ್ಮ ಅಂಗಡಿಗೆ ಗಾಜಿನ ಕಪಾಟು ಹಾಕಿಸಿದ್ದರು. ನನಗೆ ಅನ್ನ ಸೇರದಂತಾಗಿತ್ತು.

ಕಲ್ಯಾಣಿಯಲ್ಲಿ, ಅಂದರೆ ಈಗಿನ ಬಸವಕಲ್ಯಾಣದಲ್ಲಿ, ದೊಡ್ಡ ಮಳೆ ಹೊಡೆದ ಮೇಲೆ ಕೆರೆ ದಂಡೆಯ ಮಣ್ಣಿನಲ್ಲಿ ಹಳೇ ಕಾಲದ ನಾಣ್ಯ ಮೇಲೆ ಬರುತ್ತವೆಂದು ಒಬ್ಬ ಗಿರಾಕಿ ನನ್ನ ಕಿವಿಯಲ್ಲಿ ಹೇಳಿ ಹೋದ. ಯಾರಿಗೂ ಹೇಳಬೇಡಿ ಅಂತ ಆಣೆ ಹಾಕಿಸಿಕೊಂಡ. ಒಂದು ಜೋರು ಮಳೆಯಾದ ಮರುದಿನ ನಾನು ಅಂಗಡಿ ಮುಚ್ಚಿ, ತಂಗಿಯ ಮನೆಗೆ ಹೋಗುತ್ತೇನೆಂದು ಹೇಳಿ ಮೊದಲ ಮೋಟಾರು ಹತ್ತಿದೆ.

ದಂಡೆಗೆ ಹೋಗಿ ನೋಡುತ್ತೇನೆ, ಹುಮನಾಬಾದ ಬಜಾರು ಪೂರಾ ಅಲ್ಲಿ ಬಗ್ಗಿ ನಿಂತಿದೆ! ಎಣ್ಣೆ ಅಂಗಡಿಯವರು ಕೆಸರು ಕೆದರುತ್ತಿದ್ದರು.

"ಏನ್ರಿ ಇಲ್ಲಿ?"

"ಉಂಗುರ ಬಿದ್ದದ್ರಿ."

ಅವರ ಕೈಯಲ್ಲಿ ಜನ್ಮದಲ್ಲಿ ಉಂಗುರ ಇರಲಿಲ್ಲ. ಅತ್ತ ಶಾಲೆಯ ಮಾಸ್ತರರು.

"ಔಷಧದ ಬೇರು ಹುಡಕಾಕತ್ತೇನಿ," ಎಂದರು ನಾನು ಕೇಳುವ ಮೊದಲೇ.

ಮುಂದೆ ಮೊಣಕಾಲುದ್ದದ ಕೆಸರಲ್ಲಿ ನಿಂತ ಅತ್ತರಿನ ಸಾಹೇಬರು. ನನ್ನನ್ನು ಕಂಡು ಕೇಳಿದರು: "ಸಾವ್ಕಾರ್ರು ಈ ಕಡಿ?"

"ತಂಗಿ ಮನಿಗೆ ಹೊಂಟಿದ್ದೆ."

"ಹೌದೇನ್ರಿ? ತಂಗೀನ ಕೆರಿಯಾಗ ಕೊಟ್ಟೀರೇನು?"

ಆಯಿಯ ಹೊನ್ನು

ಕಲ್ಯಾಣಿಯಲ್ಲಿ ನನ್ನ ತಂಗಿ ಇದ್ದದ್ದು ನಿಜವೇ. ಅವಳ ಓಣಿಯಲ್ಲಿ ಒಬ್ಬ ಮುದುಕಿ. ಎಲ್ಲರೂ ಆಯಿ ಎನ್ನುತ್ತಿದ್ದರು. ಆಯಿಯ ಹತ್ತಿರ ಹಳೇ ಕಾಲದ ಹೊನ್ನು, ಅಂದರೆ ಬಂಗಾರದ ನಾಣ್ಯ, ಇದೆಯೆಂದು ತಂಗಿ ಹೇಳಿಕಳಿಸಿದಳು. ಓಡಿದೆ.

ಆಯಿ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಗಂಟು ಬಿಚ್ಚಿ ತೋರಿಸಿದಳು. ಉಗುರಿನಷ್ಟು ಬಂಗಾರ, ಆದರೆ ಅಕ್ಷರ ಸ್ಪಷ್ಟ. ನನ್ನ ಬಾಯಿಂದ ಮೊದಲು ಬಂದ ಮಾತೇ ಇದು:

"ಆಯಿ, ಇದನ್ನ ನೋಡಾಕ ಹುಮನಾಬಾದದ ಅತ್ತರಿನ ಸಾಹೇಬ ಬಂದಿದ್ನೇನು?"

ಆಯಿ ಶೇಂಗಾ ಬಿಟ್ಟು ನನ್ನ ಮುಖ ನೋಡಿದಳು. "ಹ್ಯಾಂಗಿರ್ತಾನ ಅಂವ?"

"ತೆಳ್ಳಗ, ಸೈಕಲ್ ಮ್ಯಾಲ ಬರ್ತಾನ, ಕಿವ್ಯಾಗ ಅತ್ತರಿನ ಹತ್ತಿ."

"ಹಾಂ, ಬಂದಿದ್ದ ಬಂದಿದ್ದ," ಎಂದಳು ಆಯಿ.

ಅವನು ಹೇಳಿದ್ದಕ್ಕಿಂತ ಹೆಚ್ಚು ಕೊಡುತ್ತೇನೆ ಅಂದೆ. ವಿಚಾರ ಮಾಡುತ್ತೇನೆ ಅಂದಳು. ಮುಂದಿನ ವಾರ ಹೋದರೆ, "ನಿನ್ನೆ ಮತ್ತ ಬಂದಿದ್ದಪ್ಪ. ನಿನಗಿಂತ ಮ್ಯಾಲ ಹೋಗ್ಯಾನ." ನಾನೂ ಮೇಲೆ ಹೋದೆ. ಅದರ ಮುಂದಿನ ವಾರ, "ಭಾರೀ ಛಲದಾಂವ ಇದ್ದಾನ ನೋಡು. ಬಿಡಲೇವಲ್ಲ."

ನಾನು ಬಿಡುತ್ತೇನೆಯೇ? ಮದುವೆ ದಿನಗಳಿಗೆಂದು ತರಿಸಿದ್ದ ಹಂಡೆಗಳನ್ನೆಲ್ಲ ಅಸಲಿಗೇ ಮಾರಿ, ಆಯಿ ಕೇಳಿದಷ್ಟು ಕೊಟ್ಟು ಹೊನ್ನು ತಂದೆ. ಹೆಂಡತಿ ಮಾತು ಬಿಟ್ಟಳು. ಇರಲಿ, ಸಾಹೇಬರ ಮುಖ ನೋಡುವ ಸುಖದ ಮುಂದೆ ಅದೆಷ್ಟರದು! ನೆಟ್ಟಗೆ ಅವರ ಅಂಗಡಿಗೆ ಹೋಗಿ ಗಾಜಿನ ಕಪಾಟಿನ ಮೇಲೆ ಹೊನ್ನು ಇಟ್ಟೆ.

"ನೋಡ್ರಿ. ಕಡೀಕ ಯಾರಿಗೆ ಸಿಕ್ತು?"

ಸಾಹೇಬರು ಕಣ್ಣರಳಿಸಿದರು. "ವಾಹ್! ಎಲ್ಲಿ ಸಿಕ್ತ್ರಿ?"

"ನಾಟಕ ಮಾಡಬ್ಯಾಡ್ರಿ. ವಾರಾ ವಾರಾ ಆಯಿ ಮನಿಗೆ ಹೋಗಿ ದರ ಏರಿಸಿದವ್ರು ನೀವು."

"ಯಾವ ಆಯಿ? ಕೆರಿ ದಂಡಿಗೆ ಬಂದು ಹೋದ ಮ್ಯಾಲ ಕಲ್ಯಾಣಿ ಕಡಿ ತಲಿನೇ ಹಾಕಿಲ್ರಿ ನಾನು!"

ಅವರ ಚಹರೆಯನ್ನು ಆಯಿಗೆ ಹೇಳಿಕೊಟ್ಟವನೇ ನಾನು! ನಡೆದದ್ದನ್ನೆಲ್ಲ ಹೇಳಿಸಿಕೊಂಡು ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಜೆಯೊಳಗೆ ಇಡೀ ಬಜಾರು ನಕ್ಕಿತು. ಕೆಲವು ದಿನ ನಾನು ಅಂಗಡಿಗೆ ಹಿಂದಿನ ಗಲ್ಲಿಯಿಂದ ಹೋಗಿ ಬರುತ್ತಿದ್ದೆ.

ಹೀಗಿರಲು ಒಂದು ಮಧ್ಯಾಹ್ನ ಸಾಹೇಬರು ಸೈಕಲ್ ತಳ್ಳಿಕೊಂಡು ಬಂದು ನನ್ನ ಕಟ್ಟೆಯ ಮೇಲೆ ಕುಸಿದರು. ಮುಖ ಬಾಡಿತ್ತು. ಕಿಸೆಯಿಂದ ಒಂದು ಹೊನ್ನು ತೆಗೆದು ತೋರಿಸಿದರು. ನನ್ನದರ ಜೋಡಿ.

"ಸಾವ್ಕಾರ್ರ, ಖರೇ ಹೇಳ್ರಿ. ಇದಕ್ಕ ನೀವು ಎಷ್ಟು ಹೇಳಿದ್ರಿ?"

"ಯಾವುದಕ್ಕ?"

"ಆಯಿ ಹತ್ರ ಇದೊಂದು ಉಳದಿತ್ತು. ನಾ ಹೋದಾಗೊಮ್ಮೆ, ಭಾಂಡೆ ಸಾವ್ಕಾರ್ರು ಮತ್ತ ಬಂದಿದ್ರು, ಹೆಚ್ಚು ಹೇಳಿ ಹೋದ್ರು ಅಂತಿದ್ಲು."

"ಅಲ್ರಿ ಸಾಹೇಬ್ರ, ಆ ಮುದುಕಿ ಆಟ ನಿಮಗ ಗೊತ್ತಿತ್ತಲ್ರಿ! ಊರೆಲ್ಲಾ ಹೇಳಿ ನಕ್ಕವ್ರು ನೀವೇ!"

ಸಾಹೇಬರು ತಲೆ ಕೆಳಗೆ ಹಾಕಿದರು.

"ಗೊತ್ತಿತ್ರಿ. ಸುಳ್ಳು ಅಂತ ಪೂರಾ ಗೊತ್ತಿತ್ತು. ಆದ್ರ ಅಕಸ್ಮಾತ್ ಖರೇ ಇದ್ದು, ಇದೂ ನಿಮಗ ಸಿಕ್ಕಿಬಿಟ್ಟಿದ್ರ?"

ಅವತ್ತು ಚಹಾ ನಾನೇ ತರಿಸಿದೆ. ಸಂಗಡ ಪೇಡೆಯನ್ನೂ.