ನನ್ನ ಹೆಂಡತಿಯ ಟರ್ಬೊ ಗುಂಡಿಯ ವಿಚಾರವಾಗಿ

ವಿದ್ಯುತ್ ಸೈಕಲ್ ಕಾರ್ಖಾನೆಯ ಮೋಟಾರ್ ನೆರವು ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ಬೆನ್ನ ಹಿಂದಿನಿಂದ ಗಾಳಿ ಬೀಸುತ್ತಿರುವ ಒಂದು ಒಳ್ಳೆಯ ದಿನ ಊರಿನ ಪತ್ರಿಕೆಯ ಮೂಲಕ ಈ ಪತ್ರ ತಮ್ಮ ಕೈ ಸೇರಲೆಂದು ಹಾರೈಸುತ್ತಾ, ಫ್ರಾನೆಕರ್ ಊರಿನ ನಿವೃತ್ತ ಸೇತುವೆ ಕಾವಲುಗಾರನಾದ ವೀಬ್ರೆನ್ ಹೂಕೆಮಾ ಎಂಬ ನಾನು ಟೋಪಿ ತೆಗೆದು ವಂದಿಸುತ್ತೇನೆ. ದೋಣಿ ಬಂದಾಗ ಸೇತುವೆ ಎತ್ತಿ, ಇಡೀ ರಸ್ತೆಯನ್ನು ನಿಲ್ಲಿಸಿ, ದೋಣಿ ದಾಟಿದ ಮೇಲೆ ಇಳಿಸುವ ಕೆಲಸವನ್ನು ಮೂವತ್ತೊಂದು ವರ್ಷ ಮಾಡಿದವನು ನಾನು. ಅವಸರದ ಮನುಷ್ಯನಲ್ಲ ಎಂಬುದನ್ನು ತಾವು ಮೊದಲೇ ಗಮನಿಸಬೇಕು. ತಮ್ಮ ಕಾರ್ಖಾನೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ‘ಅವರೇನ್ ಮಾಡಿದ್ರು ಪಾಪ, ಮಾಡಿದ್ದೆಲ್ಲ ನೀನು’ ಎಂದು ನನ್ನ ಹೆಂಡತಿ ಹಿಸ್ಕೆ ಅಡ್ಡ ಬಂದಿದ್ದಾಳೆ. ಅದು ಅವಳ ಅಭಿಪ್ರಾಯ. ನನ್ನ ಅಭಿಪ್ರಾಯದಲ್ಲಿ ತಪ್ಪು ಬಹುಪಾಲು ತಮ್ಮದೇ, ಅದನ್ನು ವಿನಯಪೂರ್ವಕವಾಗಿ ತೋರಿಸಿಕೊಡುವುದಕ್ಕೇ ಈ ಪತ್ರ.

ಹಿಸ್ಕೆಗೆ ಈಗ ಅರವತ್ತೊಂಬತ್ತು. ನಲವತ್ತು ವರ್ಷ ಸಂತೆಯಲ್ಲಿ ಕೂಗಿ ಕೂಗಿ ಮೀನು ಮಾರಿದವಳಾದ್ದರಿಂದ ಅವಳ ದನಿ ಗಾಳಿಗೆ ಬಗ್ಗುವಂಥದ್ದಲ್ಲ. ಮದುವೆಯಾದ ವರ್ಷದಿಂದಲೂ ನಾವಿಬ್ಬರು ಅಕ್ಕಪಕ್ಕ ಸೈಕಲ್ ತುಳಿಯುತ್ತಾ ಸಮುದ್ರದ ನೀರನ್ನು ತಡೆಯುವ ಮಣ್ಣಿನ ಕಟ್ಟೆಯವರೆಗೆ ಹೋಗಿಬರುವುದು ವಾಡಿಕೆ. ಅವಳು ಮಾತಾಡುವುದು, ನಾನು ಕೇಳುವುದು. ಮಗಳಿಗೆ ಏನು ಹೆಸರಿಡಬೇಕು, ನನ್ನ ಅಮ್ಮನನ್ನು ಮನೆಗೆ ಕರೆತರಬೇಕೋ ಬೇಡವೋ, ಇಂಥ ನಮ್ಮ ಸಂಸಾರದ ದೊಡ್ಡ ತೀರ್ಮಾನಗಳೆಲ್ಲ ಪೆಡಲ್ ಮೇಲೆಯೇ ಆದದ್ದು. ಈ ವಸಂತದಲ್ಲಿ ಅವಳ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು, ಡಾಕ್ಟರು ಮೋಟಾರಿರುವ ಸೈಕಲ್ ಒಳ್ಳೆಯದೆಂದರು, ಹಾಗೆ ತಮ್ಮ ಕಾರ್ಖಾನೆ ನಮ್ಮ ಮನೆಯೊಳಗೆ ಕಾಲಿಟ್ಟಿತು. ನಾನು ಮಾತ್ರ ನನ್ನ ಹಳೆಯ ಬರಿಯ ಸೈಕಲನ್ನೇ ಉಳಿಸಿಕೊಂಡೆ. ದೇವರು ಗಂಡಸಿಗೆ ಕಾಲು ಕೊಟ್ಟಿರುವುದು ಯಾಕೆ ಎಂದು ಅಂಗಡಿಯಲ್ಲಿ ನಾಲ್ಕು ಜನರೆದುರು ಕೇಳಿಯೂ ಬಿಟ್ಟೆ. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಸೌಲಭ್ಯ ತಮ್ಮಲ್ಲಿದ್ದರೆ ತಿಳಿಸಬೇಕಾಗಿ ಕೋರಿಕೆ.

ತಮ್ಮ ಮೋಟಾರನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಹಿಸ್ಕೆ ಪೂರ್ತಿ ಬಲ ಕೊಡುವ ಟರ್ಬೊ ಗುಂಡಿ ಒತ್ತಿದಳೆಂದರೆ ಅರ್ಧ ಹೇಳಿದ ವಾಕ್ಯವನ್ನು ನನ್ನ ಬಳಿ ಬಿಟ್ಟು ಉಳಿದರ್ಧದೊಂದಿಗೆ ಮಾಯವಾಗುತ್ತಿದ್ದಳು. ನಮ್ಮ ಮಂಗಳವಾರದ ಸವಾರಿಗೆ ಡೌವೆ ಎಂಬ ನೆರೆಯವರೂ ಬರುತ್ತಾರೆ. ನಿವೃತ್ತ ದಂತವೈದ್ಯರು, ಹೆಂಡತಿ ತೀರಿಕೊಂಡು ಮೂರು ವರ್ಷ, ಸಜ್ಜನರು, ಅವರದೂ ಮೋಟಾರಿರುವ ಸೈಕಲ್ಲೇ, ತಮ್ಮದೇ ಕಾರ್ಖಾನೆಯದು. ಹೀಗಾಗಿ ಅವರಿಬ್ಬರು ಮುಂದೆ, ಎಂಟುನೂರು ಮೀಟರ್ ಹಿಂದೆ ನಾನು ಮತ್ತು ಕಟ್ಟೆಯ ಮೇಲೆ ಮೇಯುವ ಕುರಿಗಳು. ಅವರು ನಗುವುದು ಗಾಳಿಯಲ್ಲಿ ನನ್ನವರೆಗೆ ಬರುತ್ತಿತ್ತು. ಯಾಕೆ ನಗುತ್ತಿದ್ದಾರೆಂಬುದು ಬರುತ್ತಿರಲಿಲ್ಲ.

ಈಗ ತಮ್ಮ ಅಪರಾಧಕ್ಕೆ ಬರುತ್ತೇನೆ. ಸೈಕಲ್ ಕೊಂಡ ದಿನ ಅಂಗಡಿಯ ಹುಡುಗಿ ಆ್ಯಪ್ ಹಾಕಿಕೊಳ್ಳಬೇಕು ಎಂದಾಗ ಹಿಸ್ಕೆ, ‘ಆ ಉಸಾಬರಿ ನನಗೆ ಬೇಡ, ಇವನ ಫೋನಿಗೇ ಹಾಕಿ’ ಎಂದಳು. ಅದೊಂದು ವಾಕ್ಯದಿಂದ, ಮಾನ್ಯರೇ, ಒಬ್ಬ ಹೆಂಗಸಿನ ಮೊಣಕಾಲುಗಳು ಅವಳ ಗಂಡನ ಜೇಬು ಸೇರಿದವು. ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಅವಳು ಹಾಡಿನ ತಂಡದ ಅಭ್ಯಾಸಕ್ಕೆ ಹೋಗಿದ್ದಾಗ ಶೆಡ್ಡಿನಲ್ಲಿ ಕುಳಿತು ಸುಮ್ಮನೆ ಆ್ಯಪ್ ತೆರೆದು ನೋಡಿದೆ. ಪ್ರತಿ ಗುಂಡಿಗೂ ಮೋಟಾರು ಎಷ್ಟು ನೆರವಾಗಬೇಕೆಂದು ಬೆರಳಿನಿಂದ ಎಳೆದು ಹೊಂದಿಸುವ ಒಂದೊಂದು ಗೆರೆ ಇತ್ತು. ಟರ್ಬೊದ ಗೆರೆಯನ್ನು ನೂರರಿಂದ ಇಪ್ಪತ್ತಕ್ಕೆ ಎಳೆದೆ. ಬ್ಯಾಟರಿಯ ಆಯುಸ್ಸು ಹೆಚ್ಚಲಿ ಎಂಬ ಸದುದ್ದೇಶವಲ್ಲದೆ ಬೇರೇನೂ ನನ್ನ ಮನಸ್ಸಿನಲ್ಲಿರಲಿಲ್ಲ. ಹ್ಯಾಂಡಲಿನ ಪರದೆಯ ಮೇಲೆ ಟರ್ಬೊ ಎಂಬ ಹೆಸರು ಮೊದಲಿನಂತೆಯೇ ಮಿನುಗುತ್ತದೆ, ಹೊಟ್ಟೆಯೊಳಗೆ ಮಾತ್ರ ಗಂಜಿಗೂ ಗತಿಯಿಲ್ಲ. ಎಂಥ ಸೊಗಸಾದ ವ್ಯವಸ್ಥೆ! ತಮ್ಮ ಆ್ಯಪ್ ನನ್ನನ್ನು ಒಂದು ಮಾತು ಕೇಳಲಿಲ್ಲ. ಇದು ಯಾರ ಸೈಕಲ್, ಅವಳಿಗೆ ಹೇಳಿದ್ದೀಯಾ, ನಾಚಿಕೆಯಾಗುವುದಿಲ್ಲವೇ ಎಂದು ಕೇಳುವುದು ಅದರ ಧರ್ಮವಾಗಿತ್ತು. ಬದಲಿಗೆ ಹಸಿರು ಗುರುತು ಹಾಕಿ, ‘ಅಭಿನಂದನೆಗಳು! ನಿಮ್ಮ ಸವಾರಿ ಈಗ ನಿಮ್ಮಿಷ್ಟದಂತೆ’ ಎಂದು ನನ್ನ ಬೆನ್ನು ತಟ್ಟಿತು. ಮುಂದಿನ ಆವೃತ್ತಿಯಲ್ಲಿ ಗಂಡಂದಿರ ಬೆರಳನ್ನು ಗುರುತು ಹಿಡಿದು ಚುರುಕ್ಕೆನಿಸುವ ಏರ್ಪಾಡು ಮಾಡಬೇಕೆಂದು ಪ್ರಾರ್ಥನೆ.

ನನ್ನಿಷ್ಟದಂತೆ ಆಗಲೂ ಇಲ್ಲ. ಮರುವಾರ ಹಿಸ್ಕೆ ನನ್ನ ಪಕ್ಕಕ್ಕೆ ಬಂದಳು, ನಿಜ. ಆದರೆ ಏದುಸಿರಿನಲ್ಲಿ ಅವಳಿಗೆ ಮಾತೇ ಹೊರಡುತ್ತಿರಲಿಲ್ಲ. ಡೌವೆ ದಾಕ್ಷಿಣ್ಯವಂತರಲ್ಲವೇ, ಅವರೂ ನಿಧಾನಿಸಿ ಜೊತೆಗೂಡಿದರು. ಹೀಗೆ ಕಟ್ಟೆಯ ಉದ್ದಕ್ಕೂ ಹೆಂಡತಿಯ ಮಾತು ಕೇಳಲು ಹೊರಟ ನಾನು ಒಂಬತ್ತು ಕಿಲೋಮೀಟರ್ ದವಡೆ ಹಲ್ಲಿನ ಬೇರುಗಳ ಬಗ್ಗೆ ಕೇಳಿಸಿಕೊಂಡೆ.

‘ನನ್ ಕಾಲಲ್ಲಿ ಏನೂ ಇಲ್ಲ ವೀಬ್ರೆನ್’ ಎಂದಳು ಹಿಸ್ಕೆ, ಮನೆಗೆ ಬಂದು ಶೂ ಬಿಚ್ಚಲೂ ಆಗದೆ ಕುಳಿತು. ಆಗಲೇ ಹೇಳಬಹುದಿತ್ತು. ನಾಳೆ ಬೆಳಿಗ್ಗೆ ಗುಟ್ಟಾಗಿ ಸರಿಮಾಡಿದರಾಯಿತು ಎಂದುಕೊಂಡೆ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳು ಸೈಕಲನ್ನು ರಿಪೇರಿ ಅಂಗಡಿಗೆ ಒಯ್ದಾಗಿತ್ತು. ಅಲ್ಲಿ ತಮ್ಮ ತರಬೇತಿ ಪಡೆದ ತಂತ್ರಜ್ಞರು ಅರ್ಧ ಗಂಟೆ ಪರೀಕ್ಷಿಸಿ, ‘ಮೋಟಾರು ಗಟ್ಟಿಮುಟ್ಟಾಗಿದೆ, ಟರ್ಬೊನೇ ತೋರಿಸ್ತಿದೆ, ಸೈಕಲ್ಲಲ್ಲಿ ಏನೂ ದೋಷ ಇಲ್ಲ’ ಎಂದು ಹೇಳಿ ಕಳಿಸಿದರು. ಸೈಕಲ್ಲಿನಲ್ಲಿ ದೋಷವಿಲ್ಲದ ಮೇಲೆ ದೋಷ ತನ್ನಲ್ಲೇ ಎಂದು ಅವಳು ತಿಳಿದದ್ದರಲ್ಲಿ ಆಶ್ಚರ್ಯವೇನು? ಈಗ ಸರಿಮಾಡಿದರೆ ಸಿಕ್ಕಿಬೀಳುತ್ತೇನೆಂದು ನಾನು ಸುಮ್ಮನಾದೆ. ಅವಳು ಡಾಕ್ಟರ ಬಳಿ ಹೋದಳು, ಡಾಕ್ಟರು ಲೇಯುವಾರ್ಡೆನ್ನಿನ ಆಸ್ಪತ್ರೆಗೆ ಕಳಿಸಿದರು, ಎದೆಗೆ ತಂತಿಗಳನ್ನಂಟಿಸಿ ಪರೀಕ್ಷೆ ಮಾಡುತ್ತಿದ್ದಷ್ಟು ಹೊತ್ತೂ ನಾನು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ಹೃದಯ ಚೆನ್ನಾಗಿದೆ ಎಂದರು. ‘ವಯಸ್ಸಾಯ್ತಲ್ವಾ’ ಎಂದೂ ಸೇರಿಸಿದರು. ಮೊದಲನೆಯದು ಅವಳ ಕಿವಿಗೆ ಬೀಳಲೇ ಇಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಬಗೆಯ ಮೂಟೆ ಕಟ್ಟುವಿಕೆ ಶುರುವಾಯಿತು. ಹಾಡಿನ ತಂಡದಲ್ಲಿ ಮುಂದಿನ ಸಾಲನ್ನು ಬೇರೆಯವರಿಗೆ ಬಿಟ್ಟುಕೊಟ್ಟಳು. ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ದಪ್ಪ ಅಕ್ಷರದಲ್ಲಿ ಚೀಟಿ ಅಂಟಿಸಿದಳು, ಸಕ್ಕರೆಯ ಡಬ್ಬಿಯೂ ಸೇರಿದಂತೆ. ನಾನು ಇವೆಲ್ಲವನ್ನೂ ಒಬ್ಬನೇ ಹುಡುಕಿಕೊಳ್ಳಬೇಕಾಗುವ ದಿನಕ್ಕೆಂದು. ಒಂದು ಶನಿವಾರ ಕೈಗೆ ಪೆನ್ನು ಕೊಟ್ಟು ಒಲೆಯ ಮುಂದೆ ನಿಲ್ಲಿಸಿದಳು.

‘ಬರ್ಕೋ. ಬಟಾಣಿ ಸಾರು ಚಮಚ ನೆಟ್ಟಗೆ ನಿಲ್ಲೋವಷ್ಟು ಗಟ್ಟಿ ಆಗ್ಬೇಕು.’

‘ನೀನಿದೀಯಲ್ಲ, ನನಗ್ಯಾಕೆ?’

‘ಇರೋವರೆಗೂ ಇರ್ತೀನಿ. ಬರ್ಕೋ.’

ಬರೆದುಕೊಂಡೆ, ಮಾನ್ಯರೇ. ಅಕ್ಷರ ಕಾಣುತ್ತಿರಲಿಲ್ಲ. ಸಾರಿನ ಹಬೆ ಎಂದು ಅವಳಿಗೆ ಹೇಳಿದೆ.

ಆ ಸಂಜೆಯಿಂದಲೇ ಗೆರೆಯನ್ನು ಎರಡು ದಿನಕ್ಕೆ ಹತ್ತರಂತೆ ಮೇಲಕ್ಕೆ ಸರಿಸತೊಡಗಿದೆ. ಒಮ್ಮೆಗೇ ಏರಿಸಿದರೆ ಅನುಮಾನ ಬರುತ್ತದಲ್ಲ. ಕಾಯಿಲೆಯಿಂದ ಚೇತರಿಸಿಕೊಂಡವರಂತೆ ಮೆಲ್ಲಗೆ ಬಲ ಬರಲಿ ಎಂಬುದು ನನ್ನ ಉಪಾಯ. ಉಪಾಯ ಫಲಿಸಿತು. ದುರದೃಷ್ಟವೆಂದರೆ ಅದೇ ಶನಿವಾರ ಡೌವೆ ತಮ್ಮ ತೋಟದ ಬೀಟ್‌ರೂಟಿನ ರಸವನ್ನು ಒಂದು ಸೀಸೆ ತುಂಬ ತಂದುಕೊಟ್ಟಿದ್ದರು. ದಿನಕ್ಕೊಂದು ಲೋಟ. ಹತ್ತು ದಿನದಲ್ಲಿ ಹಿಸ್ಕೆ ಕಟ್ಟೆಯ ಏರನ್ನು ಹಾಡುತ್ತಾ ಹತ್ತಿದಳು. ಹಾಡಿನ ತಂಡದ ಕಾಫಿಯ ವೇಳೆ, ಗುಲಾಬಿ ಬಣ್ಣದ ಕೇಕು ಹಂಚುತ್ತಾ, ಎಲ್ಲರೆದುರು ನಮ್ಮ ಕಡೆಯ ರೂಢಿಯಂತೆ ಡೌವೆಯ ಎರಡು ಕೆನ್ನೆಗೂ ಮೂರು ಮುತ್ತು ಹಂಚಿ, ‘ನನ್ ಜೀವ ಉಳಿಸಿದ್ದು ಈ ಮನುಷ್ಯ’ ಎಂದಳು. ಈಗ ಅರ್ಧ ಫ್ರಾನೆಕರ್ ಬೀಟ್‌ರೂಟ್ ರಸ ಕುಡಿಯುತ್ತಿದೆ. ತಮ್ಮ ಮೋಟಾರಿಗೆ ಸಲ್ಲಬೇಕಾದ ಕೀರ್ತಿಯನ್ನು ಒಂದು ಗೆಡ್ಡೆ ಹೊಡೆದುಕೊಂಡು ಹೋಗುವುದನ್ನು ಆಗ ನಾನೊಬ್ಬನೇ ಬಲ್ಲವನಾಗಿದ್ದೆ, ಹೇಳುವಂತಿರಲಿಲ್ಲ. ಇಂಥ ಯಾತನೆ ತಮ್ಮ ಶತ್ರುವಿಗೂ ಬೇಡ.

ಮುಂದಿನ ಮಂಗಳವಾರ ಡೌವೆಗೆ ನೆಗಡಿ. ನಾವಿಬ್ಬರೇ ಹೋದೆವು. ಕುರಿಗಳಿಗೆಂದು ಹಾಕಿದ ಗೇಟಿನ ಬಳಿ ಅವಳು ಇಳಿದು ನನಗಾಗಿ ಕಾದಳು. ನಾನು ಬಂದವನೇ, ಉಸಿರು ತೆಗೆದುಕೊಳ್ಳುವ ಮುಂಚೆಯೇ ಅಂದೆ:

‘ಬೀಟ್‌ರೂಟ್ ಅಲ್ಲ ಹಿಸ್ಕೆ.’

‘ಏನು ಬೀಟ್‌ರೂಟ್ ಅಲ್ಲ?’

‘ನಿನ್ನ ಬಲ ಬಂದದ್ದು. ಹೋದದ್ದೂ ಅಷ್ಟೇ. ಅದು ನಾನು.’

ಫೋನು ತೆಗೆದು ತೋರಿಸಿದೆ. ಅವಳು ಕನ್ನಡಕ ಏರಿಸಿಕೊಂಡು, ಆ ಗೆರೆಯನ್ನು ಬೆರಳಿನಿಂದ ಕೆಳಕ್ಕೆ ಎಳೆದಳು, ಮೇಲಕ್ಕೆ ಎಳೆದಳು.

‘ಎಷ್ಟು ದಿನ?’

‘ಐದು ವಾರ.’

‘ಆಸ್ಪತ್ರೇಲಿ ನನ್ನ ಎದೆಗೆ ತಂತಿ ಹಾಕ್ದಾಗ ಹೊರಗೆ ಕೂತಿದ್ದೆಯಲ್ಲ. ಫೋನು ಜೇಬಲ್ಲೇ ಇತ್ತಾ?’

‘ಇತ್ತು.’

ಅವಳು ಸಮುದ್ರದ ಕಡೆ ತಿರುಗಿದಳು. ಇಳಿತದ ಹೊತ್ತು, ನೀರು ಹಿಂದೆ ಸರಿದು ಬರೀ ಕೆಸರಿತ್ತು.

‘ಯಾಕೆ?’

‘ಬ್ಯಾಟರಿ ಬಾಳಿಕೆ ಬರ್ಲಿ ಅಂತ...’

‘ವೀಬ್ರೆನ್.’

‘ನೀವಿಬ್ರೂ ಮುಂದೆ ನಗ್ತಿದ್ರಿ. ಯಾಕೆ ಅಂತ ನನಗೆ ಕೇಳಿಸ್ತಿರ್ಲಿಲ್ಲ.’

ಅವಳು ನಿಜವಾಗಿಯೂ ಯೋಚಿಸಿದಳು, ಹುಬ್ಬು ಗಂಟಾಯಿತು. ‘ಯಾಕೆ ನಕ್ವಿ ಅಂತ ನನಗೂ ನೆನಪಿಲ್ಲ’ ಎಂದಳು. ಆಮೇಲೆ, ‘ಹಾಗಾದ್ರೆ ಐದು ವಾರ ಆ ಗಾಳೀಲಿ ಈ ಕಬ್ಬಿಣದ ಎಮ್ಮೇನ ನಾನೇ ತುಳಿದದ್ದಾ? ಬರೀ ಕಾಲಲ್ಲಿ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ, ಫೋನನ್ನು ತನ್ನ ಜೇಬಿಗೆ ಹಾಕಿಕೊಂಡು, ನನ್ನ ಹಳೆಯ ಬರಿಯ ಸೈಕಲನ್ನು ಹತ್ತಿ ಹೊರಟೇಬಿಟ್ಟಳು. ಒಂದು ಸಲವೂ ತಿರುಗಿ ನೋಡಲಿಲ್ಲ.

ಒಂಬತ್ತು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಹತ್ತನೆಯ ದಿನ ತೀರ್ಪು ಬಂತು. ನನ್ನ ಸೈಕಲ್ ಇನ್ನು ಅವಳದು. ಇಪ್ಪತ್ತಾರು ಕಿಲೋ ತೂಗುವ ಅವಳ ಸೈಕಲ್ ನನ್ನದು, ಎಲ್ಲ ಗುಂಡಿಗಳ ನೆರವನ್ನೂ ಸೊನ್ನೆಗೆ ಇಳಿಸಿ, ಎಷ್ಟು ತಿಂಗಳೆಂಬುದು ಅವಳ ಚಿತ್ತ, ಆ್ಯಪ್ ಇರುವ ಫೋನೂ ಅವಳ ಬಳಿಯೇ. ‘ಮತ್ತೆ, ಊರೆಲ್ಲ ಆ ರಸ ಕುಡೀತಿದೆ. ಪತ್ರಿಕೇಲಿ ಎಲ್ರಿಗೂ ಕಾಣೋ ಹಾಗೆ ನೀನೇ ಬರಿ’ ಎಂದಳು. ತಾವು ಓದುತ್ತಿರುವುದು ಆ ಶಿಕ್ಷೆಯ ಮೂರನೆಯ ಕಂತು.

ಕೊನೆಯದಾಗಿ ಒಂದು ತಾಂತ್ರಿಕ ಸಂದೇಹ. ಮೊನ್ನೆ ಮಂಗಳವಾರ ನೈಋತ್ಯದ ಗಾಳಿ ಎದೆಗೆ ಗೋಡೆಯಂತೆ ನಿಂತಿತ್ತು. ನಾಲ್ಕನೇ ಕಿಲೋಮೀಟರಿನಲ್ಲಿ ನನ್ನ ತೊಡೆಗಳು ಕೈಚೆಲ್ಲಿದವು. ಇಳಿದು ತಳ್ಳಿಕೊಂಡು ಹೋಗೋಣ ಎನ್ನುವಷ್ಟರಲ್ಲಿ ಯಾರೋ ಬೆನ್ನ ಮೇಲೆ ಅಂಗೈಯಿಟ್ಟು ಮೆಲ್ಲನೆ ನೂಕಿದಂತಾಯಿತು, ಪೆಡಲ್ ಹಗುರಾಯಿತು. ಹಿಸ್ಕೆ ಹತ್ತು ಮೀಟರ್ ಮುಂದಿದ್ದಳು, ಒಂದು ಕೈ ಹ್ಯಾಂಡಲಿನ ಮೇಲೆ, ಇನ್ನೊಂದು ಜಾಕೆಟ್ಟಿನ ಜೇಬಿನಲ್ಲಿ. ನಾನು ತುಳಿಯುತ್ತಾ ಹೋದೆ. ಸೊನ್ನೆಗೆ ಇಳಿಸಿದ ಮೋಟಾರು ತನ್ನಷ್ಟಕ್ಕೆ ತಾನೇ ನೆರವಾಗುವ ದೋಷ ತಮ್ಮ ಯಂತ್ರಗಳಲ್ಲಿ ಇದೆಯೇ? ಇದ್ದರೆ, ಕೈ ಮುಗಿದು ಕೇಳಿಕೊಳ್ಳುತ್ತೇನೆ, ಅದನ್ನು ದಯವಿಟ್ಟು ಸರಿಪಡಿಸಬೇಡಿ.

ಮನೆಯಲ್ಲಿ ವಿಶ್ವಾಸ ಕಳೆದುಕೊಂಡರೂ
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ವೀಬ್ರೆನ್ ಹೂಕೆಮಾ

ಮರೆತ ಮಾತು: ತಮ್ಮ ಇನ್ನೊಬ್ಬ ಗ್ರಾಹಕರಾದ ಡೌವೆ, ಹೋದ ವಾರದಿಂದ ಸೈಕಲ್ಲಿನ ಟರ್ಬೊ ಯಾಕೋ ಸೊರಗಿದೆಯೆಂದು ದೂರುತ್ತಾ ದಿನಕ್ಕೆ ಎರಡು ಲೋಟ ರಸ ಕುಡಿಯುತ್ತಿದ್ದಾರೆ. ಕಾಫಿಯಂಗಡಿಯಲ್ಲಿ ಅವರ ಫೋನನ್ನು ‘ಒಂದ್ ನಿಮಿಷ ಕೊಡಿ, ಗಾಳಿ ಯಾವ ಕಡೆ ಅಂತ ನೋಡ್ತೀನಿ’ ಎಂದು ಇಸಿದುಕೊಂಡವನು ನಾನಲ್ಲ.